ಮಡಿರಾಯರ ಅರಿಶಿನ ದಾರ

ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನಿಮ್ಮನೆ ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದ್ದು ನಾನೇ ಅಂತ ಇವತ್ತಿನವರೆಗೆ ಯಾರಾದ್ರೂ ಒಪ್ಕೊಂಡಿದಾರಾ? ಬೂಷ್ಟು ಬಂದಿರತ್ತೆ, ಚಮಚ ಅಲ್ಲೇ ಬಿದ್ದಿರತ್ತೆ, ಹಾಕಿದವರು ಮಾತ್ರ ಯಾರೂ ಇರಲ್ಲ. ನಮ್ಮನೇಲಿ ನಾನು ಮದುವೆಯಾಗಿ ಬಂದಾಗಿಂದ ಈ ಕೇಸು ನಡೀತಿದೆ. ನಮ್ಮವರು ನನ್ನ ಕಡೆ ನೋಡ್ತಾರೆ, ನಾನು ಮಕ್ಕಳ ಕಡೆ ನೋಡ್ತೀನಿ, ಮಕ್ಕಳು ಕೆಲಸದವಳ ಕಡೆ ನೋಡ್ತಾರೆ, ಅವಳು ಫ್ಯಾನ್ ಕಡೆ ನೋಡ್ತಾಳೆ.

"ನಾನೇ ಹಾಕಿದ್ದು" ಅಂತ ಎದ್ದು ನಿಂತು ಹೇಳಿದ ಒಬ್ಬನೇ ಒಬ್ಬ ಮನುಷ್ಯನ್ನ ನಾನು ನೋಡಿದೀನಿ. ಅವರು ಹೋದ ತಿಂಗಳು ತೀರ್ಕೊಂಡ್ರು. ಇಲ್ಲಿನ ಕನ್ನಡದವರ ಗ್ರೂಪಲ್ಲಿ ಎಲ್ಲರೂ ಕೈಮುಗಿಯೋ ಚಿತ್ರ ಹಾಕಿದ್ರು. ನಾನೂ ಹಾಕೋಣ ಅಂತ ಹೋದೆ, ಬೆರಳು ಜಾರಿ ಕೆಂಪು ಲಂಗದ ಕುಣಿಯೋ ಹುಡುಗಿ ಹೋಗ್ಬಿಟ್ಟಳು. ಮೊಮ್ಮಗಳು ಓಡಿ ಬಂದು "ಅಜ್ಜಿ, ಕ್ಯಾ ಕರ್ ದಿಯಾ, ಏನ್ ಮಾಡ್ಬಿಟ್ಟೆ" ಅಂತ ಅಳಿಸಿದ್ಲು. ಆಮೇಲೆ ಅವಳೇ ಕೂರಿಸ್ಕೊಂಡು ಕನ್ನಡದಲ್ಲಿ ಟೈಪ್ ಮಾಡೋದು ಕಲಿಸಿದ್ಲು. ಕೈಮುಗಿದು ಸುಮ್ಮನಾಗೋ ಅಂಥ ಮನುಷ್ಯರಲ್ಲ ಅವರು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಅವರ ಹೆಸರು ಹೇಳಲ್ಲ. ಬದುಕಿದ್ದಷ್ಟು ದಿನ ಅವರ ಆಫೀಸಿನ ಹೆಸರು ಅವರು ನನಗೆ ಹೇಳಲಿಲ್ಲ, ಈಗ ಅವರ ಹೆಸರು ನಾನು ಹೇಳಲ್ಲ. ಸರಿಗೆ ಸರಿ. ನಾನು ಅವರನ್ನ ಮಡಿರಾಯರು ಅಂತಿದ್ದೆ. ಅದೇ ಸಾಕು.

ರಾಜಧಾನಿಯ ವಸಂತ್ ಕುಂಜ್‌ನಲ್ಲಿ ಸರ್ಕಾರ ಕಟ್ಟಿಸಿ ಮಾರಿದ ಫ್ಲ್ಯಾಟಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ನಮ್ಮವರು ಕೇಂದ್ರ ಸರ್ಕಾರದ ಒಂದು ಆಫೀಸಲ್ಲಿ ಫೈಲು ತಳ್ಳೋ ಕೆಲಸ. ಅವರು ಮಿಲಿಟರಿಗೆ ಸೇರಿದ ಯಾವುದೋ ಆಫೀಸಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋರು. ಯೂನಿಫಾರ್ಮ್ ಇಲ್ಲ, ಬೂದು ಸಫಾರಿ. ಬೆಳಿಗ್ಗೆ ಚಾರ್ಟರ್ಡ್ ಬಸ್ಸು, ಸಂಜೆ ಚಾರ್ಟರ್ಡ್ ಬಸ್ಸು, ನಡುವೆ ಏನು ಅಂತ ದೇವರಿಗೇ ಗೊತ್ತು. ಹೆಂಡತಿ ಸರೋಜ ನಮ್ಮ ತುಮಕೂರು ಕಡೆಯವಳು, ನನ್ನನ್ನ ಅಕ್ಕ ಅಂತಾಳೆ. ಅದಕ್ಕೆ ಅವರೂ ಅಕ್ಕಾವ್ರೇ ಅನ್ನೋರು.

"ಆಫೀಸಲ್ಲಿ ಏನ್ ಮಾಡ್ತೀರಿ ರಾಯರೇ?" ಅಂತ ಕೇಳಿದ್ರೆ, "ಬಿಸಿಲು ಚೆನ್ನಾಗಿದೆ ಅಕ್ಕಾವ್ರೇ" ಅನ್ನೋರು. ಡಿಸೆಂಬರ್ ಕೊನೆ, ಮಂಜು ಕವಿದು ಎದುರು ಬ್ಲಾಕು ಕಾಣ್ತಿಲ್ಲ, ಹಾಲಿನ ಬೂತಿಗೆ ಹೋದವರು ದಾರಿ ತಪ್ಪಿ ಬರ್ತಿದಾರೆ. ಆಗಲೂ ಅದೇ ಮಾತು. ಆಮೇಲಾಮೇಲೆ ನಮ್ಮನೇಲಿ ಯಾರಿಗೆ ಯಾವ ವಿಷಯ ಹೇಳೋಕೆ ಇಷ್ಟ ಇಲ್ಲದಿದ್ರೂ "ಬಿಸಿಲು ಚೆನ್ನಾಗಿದೆ" ಅನ್ನೋ ರೂಢಿ ಬಂತು. ನಮ್ಮ ದೊಡ್ಡ ಮಗಳು ಲಕ್ಷ್ಮೀ ನಗರದ ಕೋಚಿಂಗ್ ಟೆಸ್ಟಲ್ಲಿ ಎಷ್ಟು ತಗೊಂಡೆ ಅಂತ ಕೇಳಿದಾಗಲೆಲ್ಲ ಬಿಸಿಲು ತುಂಬಾ ಚೆನ್ನಾಗಿರ್ತಿತ್ತು.

ಇನ್ನೊಂದು ಅಭ್ಯಾಸ. ನಮ್ಮ ತಲೆ ಮೇಲೇ ವಿಮಾನ ಇಳಿಯೋ ದಾರಿ. ವಿಮಾನ ಬಂದ್ರೆ ನಾವೆಲ್ಲ ಇನ್ನೂ ಜೋರಾಗಿ ಕೂಗಿ ಮಾತಾಡ್ತಿದ್ವಿ. ಅವರು ಹಾಗಲ್ಲ. ಅರ್ಧ ಪದದಲ್ಲಿ ನಿಲ್ಸಿ, ಸದ್ದು ಪೂರ್ತಿ ಹೋದ ಮೇಲೆ ಉಳಿದರ್ಧ ಪದದಿಂದ ಶುರು ಮಾಡೋರು. ಹೊಸಬರಿಗೆ ಮನುಷ್ಯನಿಗೆ ಏನೋ ಆಯ್ತು ಅಂತ ಗಾಬರಿ ಆಗೋದು.

ಅವರ ಜೇಬಲ್ಲಿ ಕರ್ಚೀಫಲ್ಲಿ ಸುತ್ತಿದ ಒಂದು ಸ್ಟೀಲ್ ಚಮಚ ಇರ್ತಿತ್ತು. ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಅದನ್ನ ತೆಗೆದು, ಬೆಳಕಿಗೆ ಹಿಡಿದು ನೋಡಿ, ಆ ಚಮಚದಲ್ಲೇ ಜಾಡಿಯಿಂದ ಉಪ್ಪಿನಕಾಯಿ ಹಾಕ್ಕೊಳ್ಳೋರು.

"ಅಲ್ಲೊಂದು ಚಮಚ ಇದೆಯಲ್ಲ ರಾಯರೇ, ಅದಕ್ಕೇನು ರೋಗ?" ಅಂದೆ.

"ಅದು ಎಲ್ಲರ ಚಮಚ ಅಕ್ಕಾವ್ರೇ. ಎಲ್ಲರದ್ದು ಅಂದ್ರೆ ಯಾರೂ ಒರೆಸಲ್ಲ."

ಆ ವರ್ಷ ನನ್ನ ಮಾವಿನಕಾಯಿ ಜಾಡಿಗೆ ಬೂಷ್ಟು ಬಂತು. ಬಿಸಾಕೋಕೆ ಮನಸ್ಸು ಬರುತ್ತಾ? ಮೇಲಿಂದೆಲ್ಲ ಕೆರೆದು ತೆಗೆದು, ಎಣ್ಣೆ ಕಾಯಿಸಿ ಹಾಕಿ, ಬಿಸಿಲಿಗಿಟ್ಟು, ಭಾನುವಾರ ಊಟಕ್ಕೆ ಬಂದ ಅವರಿಬ್ಬರಿಗೂ ಬಡಿಸಿದೆ. ಸರೋಜ ತಿಂದಳು. ಅವರು ಎಲೆ ತುದಿಗೆ ಸರಿಸಿಟ್ರು.

"ಕೆಟ್ಟಿದ್ದೆಲ್ಲ ತೆಗೆದಿದೀನಿ ರಾಯರೇ, ತಿನ್ನಿ."

"ಮೇಲೆ ಕಾಣೋದು ಅದರ ಹೂವು ಅಕ್ಕಾವ್ರೇ. ಬೇರು ಕೆಳಗಿರತ್ತೆ."

"ತಿನ್ನದಿದ್ರೆ ಬಿಡಿ, ಪಾಠ ಮಾಡ್ಬೇಡಿ" ಅಂದೆ. ಅವರು ಹೋದ ಮೇಲೆ ನಾನು ಆ ಜಾಡಿ ಮುಗಿಸಿದೆ. ಹೊಟ್ಟೆ ಕೆಡಲಿಲ್ಲ. ಅದನ್ನೂ ಅವರಿಗೆ ಹೇಳಿದೆ, ಬಿಡ್ತೀನಾ?

ಕಂಪ್ಯೂಟರ್ ವಿಷಯ ನನಗೆ ಹೇಗೆ ಗೊತ್ತು ಅಂತ ನೀವು ಕೇಳಬಹುದು. ಅವರು ಒಂದು ನಿಯಮ ಇಟ್ಕೊಂಡಿದ್ರು. ಕಾಯಿಲೆ ಬಗ್ಗೆ ಮಾತಾಡೋರು, ರೋಗಿ ಬಗ್ಗೆ ಇಲ್ಲ. ಆ ಮಷೀನುಗಳ ಒಳಗೆ ಏನಿತ್ತು ಅಂತ ಸರೋಜಂಗೂ ಗೊತ್ತಿಲ್ಲ. ಅದಕ್ಕೆ ಹತ್ತೋ ಹುಳ, ವೈರಸ್ ಅಂತಾರಲ್ಲ, ಅದರ ಬಗ್ಗೆ ಮಾತ್ರ, ಅದೂ ಬಹುಪಾಲು ಎಲ್ಲ ಮುಗಿದ ಮೇಲೆ, ಕೆಳಗಿನ ಪಾರ್ಕಿನ ಬೆಂಚಲ್ಲಿ ಕಡ್ಲೆಕಾಯಿ ಬಿಡಿಸ್ತಾ ಚೂರು ಚೂರು ಹೇಳಿದ್ರು.

ಆಫೀಸಲ್ಲಿ ಎರಡು ಕೋಣೆ. ಹೊರಗಿನ ಕೋಣೇಲಿ ಇಂಟರ್ನೆಟ್ ಇರೋ ಒಂದು ಕಂಪ್ಯೂಟರು. ಒಳಗಿನ ಕೋಣೇಲಿ ಸುಮಾರು ಕಂಪ್ಯೂಟರು, ಒಂದಕ್ಕೊಂದು ತಂತಿ ಇದೆ, ಆದ್ರೆ ಒಂದು ಎಳೆಯೂ ಹೊರಗೆ ಹೋಗಲ್ಲ. ಗೋಡೆಯಿಂದ ಆಚೆ ಪ್ರಪಂಚ ಇದೆ ಅಂತಲೇ ಅವಕ್ಕೆ ಗೊತ್ತಿಲ್ಲ.

"ಅಂದ್ರೆ ಮಡಿ ಉಟ್ಟಿದಾವೆ" ಅಂದೆ. ನಮ್ಮ ಅತ್ತೆ ಮಡಿ ಉಟ್ಟು ಅಡುಗೆಮನೆ ಹೊಕ್ಕರೆ ನಾವು ಹೊಸ್ತಿಲಾಚೆ ನಿಂತು ಮಾತಾಡ್ಬೇಕಿತ್ತು. ಮುಟ್ಟಿದ್ರೆ ಮತ್ತೆ ಸ್ನಾನ, ಮತ್ತೆ ಬೈಗುಳ.

ಅವರು ನಕ್ಕಿದ್ದು ಕಮ್ಮಿ. ಅವತ್ತು ನಕ್ಕರು. "ಸರಿಯಾಗಿ ಹೇಳಿದ್ರಿ. ಮಡಿ. ಆದ್ರೆ ಮಡಿ ಉಟ್ಟವರಿಗೂ ನೀರು ಹೊರಗಿನ ಬಾವಿಯಿಂದಲೇ ಬರಬೇಕಲ್ಲ." ಅವತ್ತಿಂದ ಅವರು ಮಡಿರಾಯರು.

ನೀರು ಅಂದ್ರೆ ಏನು ಅಂತ ಹೇಳ್ತೀನಿ. ಹುಳ ಹಿಡಿಯೋ ಸಾಫ್ಟ್‌ವೇರ್ ಅಂತ ಒಂದಿರತ್ತಂತೆ. ಊರಲ್ಲಿ ಹೊಸ ಹುಳ ಹುಟ್ಟಿದಾಗೆಲ್ಲ ಅದಕ್ಕೆ ಗುರುತು ಹೇಳಿಕೊಡ್ತಿರಬೇಕು, ಇಲ್ಲದಿದ್ರೆ ಎದುರಿಗೆ ಬಂದ್ರೂ ಅದು ನಮಸ್ಕಾರ ಮಾಡಿ ಒಳಗೆ ಬಿಟ್ಕೊಳ್ಳತ್ತೆ. ಹೊರಗಿನ ಕಂಪ್ಯೂಟರಿಗೆ ಆ ಗುರುತು ಇಂಟರ್ನೆಟ್ಟಿಂದ ತಾನಾಗೇ ಬರತ್ತೆ. ಒಳಗಿನವಕ್ಕೆ ತಂತಿ ಇಲ್ಲ. ಅದಕ್ಕೆ ವಾರಕ್ಕೊಂದ್ಸಲ ರಾಯರು ಹೊರಗಿನ ಕಂಪ್ಯೂಟರಿಂದ ಒಂದು ಪೆನ್‌ಡ್ರೈವಿಗೆ ತುಂಬ್ಕೊಂಡು, ಅದನ್ನ ಒಳಗೆ ತಗೊಂಡು ಹೋಗಿ, ಒಂದೊಂದು ಮಷೀನಿಗೂ ಕೈಯಾರೆ ಹಾಕೋರು. ಪೋಲಿಯೋ ಹನಿ ಹಾಕಿದ ಹಾಗೆ.

ಅದು ಪೆನ್‌ಡ್ರೈವು ಹೊಸದಾಗಿ ಎಲ್ಲರ ಕೊರಳಿಗೂ ಬಂದ ಕಾಲ. ತಾಳಿ ಥರ ನೇತಾಕ್ಕೊಂಡು ಓಡಾಡೋರು. ರಾಯರು ಒಳಕೋಣೆ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ರು. ಗುಮಾಸ್ತರಿಂದ ದೊಡ್ಡ ಸಾಹೇಬ್ರವರೆಗೆ ಯಾರೇ ಬಂದ್ರೂ ಮೊಬೈಲು, ಪೆನ್‌ಡ್ರೈವು ಎಲ್ಲ ಅದರೊಳಗೆ ಹಾಕಿ ಹೋಗ್ಬೇಕು. ಒಬ್ಬ ದೊಡ್ಡ ಅಧಿಕಾರಿ ಮಗಳ ಡ್ಯಾನ್ಸ್ ವಿಡಿಯೋ ತಂದು, ಒಳಗಿನ ಸ್ಕ್ರೀನು ದೊಡ್ಡದು, ಎರಡೇ ನಿಮಿಷ ನೋಡ್ತೀನಿ ಅಂದ್ರಂತೆ. ಇವರು ಬುಟ್ಟಿ ಮುಂದೆ ಹಿಡಿದ್ರಂತೆ. ಅಷ್ಟೇ.

ಒಳಗೆ ಹೋಗೋ ಹಕ್ಕಿದ್ದ ಪೆನ್‌ಡ್ರೈವ್ ಒಂದೇ, ಅವರದ್ದು. ಬೇರೆಯವರದ್ದರ ಜೊತೆ ಬೆರೆತು ಹೋಗಬಾರದು ಅಂತ ಒಂದು ಗುರುತು ಬೇಕಿತ್ತು. ಮನೆಗೆ ಬಂದು ದೇವರ ಗೂಡಿಂದ ಒಂದೆಳೆ ಅರಿಶಿನ ದಾರ ಕೇಳಿದ್ರು.

"ಯಾರಿಗೆ ಕಟ್ತೀರಿ?" ಅಂದ್ಲು ಸರೋಜ.

"ಆಫೀಸಲ್ಲಿ ಒಂದಿದೆ."

"ಚೆನ್ನಾಗಿದೆ. ನನಗೊಂದು ಕಟ್ಟಿದ್ರಿ, ಈಗ ಅದಕ್ಕೊಂದು."

ನಾವಿಬ್ಬರೂ ಅದನ್ನ ಸರೋಜನ ಸವತಿ ಅಂತಲೇ ಕರೀತಿದ್ವಿ. ಅವರು ಲೇಟಾಗಿ ಬಂದ್ರೆ, "ಸವತಿ ಬಿಡಲಿಲ್ವಾ?" ಅನ್ನೋಳು. ಅವಳು ಆ ಸವತಿನ ನೋಡೇ ಇರಲಿಲ್ಲ. ಅದು ಆಫೀಸು ಬಿಟ್ಟು ಹೊರಗೆ ಬರೋ ಹಾಗಿರಲಿಲ್ಲವಲ್ಲ.

ಒಂದು ಸಂಜೆ ಬಸ್ಸಿಳಿದು ಬಂದವರು ಬೂಟು ಬಿಚ್ಚದೆ ಸೋಫಾ ಮೇಲೆ ಕೂತುಬಿಟ್ರಂತೆ. ಹೊಸ್ತಿಲಲ್ಲೇ ಕೈಕಾಲು ತೊಳೀದೆ ಒಳಗೆ ಬಂದವರೇ ಅಲ್ಲ. ಸರೋಜ ನಮ್ಮ ಬಾಗಿಲು ಬಡಿದ್ಲು. "ಅಕ್ಕ, ಇವರಿಗೆ ಏನೋ ಆಗಿದೆ. ಬೂಟಲ್ಲೇ ಕೂತಿದಾರೆ."

ನಾನು ಹೋಗಿ, "ಏನ್ ರಾಯರೇ, ಬಿಸಿಲು ಹೇಗಿದೆ?" ಅಂದೆ.

"ಒಳಗೆ ಬಂದಿದೆ ಅಕ್ಕಾವ್ರೇ" ಅಂದ್ರು. ಅವತ್ತು ಅಷ್ಟೇ ಹೇಳಿದ್ದು.

ಆಗಿದ್ದು ಇದು. ಒಳಗಿನ ಒಂದು ಕಂಪ್ಯೂಟರು ಇದ್ದಕ್ಕಿದ್ದ ಹಾಗೆ ಹೊರಗೆ ಯಾರನ್ನೋ ಕೂಗೋಕೆ ಶುರು ಮಾಡಿತ್ತು. ಹೊರಗೆ ತಂತಿನೇ ಇಲ್ಲ. ಆದ್ರೂ ಬಿಡದೆ ಕೂಗ್ತಾ ಇದೆ, ಬೀಗ ಹಾಕಿದ ಕೋಣೇಲಿ ಕೂತು ಬಾಗಿಲು ತಟ್ಟಿದ ಹಾಗೆ. ಅವರು ಹುಡುಕಿದ್ರು. ಹುಳ ಸಿಕ್ತು. ಪಕ್ಕದ ಮಷೀನಲ್ಲೂ ಇತ್ತು, ಅದರ ಪಕ್ಕದ್ದರಲ್ಲೂ ಇತ್ತು. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಯಾರೂ ಕರೀದೆ ತಾನಾಗೇ ಇಳಿಯೋ ಜಾತಿಯಂತೆ ಅದು. ಬಂದ ದಾರಿ ಹುಡುಕ್ಕೊಂಡು ಹೋದ್ರು. ಬುಟ್ಟಿಗೆ ಬಿದ್ದ ಯಾರ ಡ್ರೈವಲ್ಲೂ ಇರಲಿಲ್ಲ. ಕೊನೆಗೆ ತಮ್ಮದನ್ನೇ ನೋಡಿದ್ರು. ಅರಿಶಿನ ದಾರದ್ದು.

ಹೊರಗಿನ ಕಂಪ್ಯೂಟರಿಗೆ ಆ ಹುಳ ಮೊದಲೇ ಬಂದಿತ್ತು. ತೀರ ಹೊಸದು, ಗುರುತು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಇವರು ಪ್ರತಿ ವಾರದ ಹಾಗೆ ಔಷಧಿ ತುಂಬಿದ್ರು, ಪರೀಕ್ಷೆ ಮಾಡಿದ್ರು, ಶುದ್ಧ ಅಂತ ಬಂತು, ಒಳಗೆ ತಗೊಂಡು ಹೋಗಿ ಒಂದನ್ನೂ ಬಿಡದೆ ಎಲ್ಲಕ್ಕೂ ಹಾಕಿದ್ರು. ಬೇರೆ ಯಾರಾದ್ರೂ ಮಾಡಿದ್ರೆ ಒಂದೆರಡು ಮಷೀನು ಮರೀತಿದ್ರು, ಸೋಮಾರಿತನಕ್ಕೆ ಬಿಡ್ತಿದ್ರು. ಇವರು ಬಿಡೋರಾ?

ಮೀಟಿಂಗ್ ಕರೆದ್ರು. ದೊಡ್ಡ ಸಾಹೇಬ್ರಿಗೆ ಉಪಾಯ ಸಿದ್ಧ ಇತ್ತು. ಸ್ವಲ್ಪ ದಿನದ ಹಿಂದೆ ಒಬ್ಬ ಅಧಿಕಾರಿಗೆ ಎಲ್ಲೋ ಗಡಿ ಹತ್ತಿರ ಟ್ರಾನ್ಸ್‌ಫರ್ ಆಗಿತ್ತು. ಅವನದ್ದೇ ಡ್ರೈವಿಂದ ಬಂತು ಅಂತ ಬರೆದ್ರಾಯ್ತು, ಅವನೇನು ಅಲ್ಲಿಂದ ಬಂದು ಜಗಳ ಆಡ್ತಾನಾ? ಎಲ್ಲರೂ ತಲೆ ಆಡ್ಸಿದ್ರು. ನಮ್ಮ ರಾಯರು ಎದ್ದು ನಿಂತ್ರು.

"ಸಾರ್, ನನ್ನ ಡ್ರೈವಿಂದ ಬಂದಿದೆ. ನಾನೇ ಹಾಕಿದ್ದು."

ಸಾಹೇಬ್ರು ಪೆನ್ನು ಕೆಳಗಿಟ್ಟು, "ಇತನಾ ಸಚ್ ಕಿಸನೇ ಮಾಂಗಾ ಥಾ?" ಅಂದ್ರಂತೆ. ಇಷ್ಟೊಂದು ಸತ್ಯ ಕೇಳಿದ್ದು ಯಾರು ಅಂತ.

ಇದನ್ನ ಕೇಳಿ ನಮ್ಮವರು ಮೂರು ದಿನ ಬೇಜಾರಲ್ಲಿದ್ರು. "ಇಪ್ಪತ್ತೈದು ವರ್ಷ ಸರ್ಕಾರಿ ಕೆಲಸ ಮಾಡಿ ಇನ್ನೂ ಟ್ರಾನ್ಸ್‌ಫರ್ ಆದವನ ಮೇಲೆ ಹಾಕೋದು ಕಲ್ತಿಲ್ಲವಲ್ಲ ಈ ಮನುಷ್ಯ" ಅಂತ.

ಅಲ್ಲಿಗೆ ಮುಗಿದಿದ್ರೆ ಒಂದು ಬೈಗುಳದಲ್ಲಿ ಹೋಗ್ತಿತ್ತು. ತೊಳೆಯೋದು ಹೇಗೆ ಅನ್ನೋದು ದೊಡ್ಡ ಗಲಾಟೆ ಆಯ್ತು. ರಾಯರು ಹೇಳಿದ್ದು, ಎಲ್ಲಾ ಮಷೀನನ್ನೂ ಒಂದೇ ದಿನ ನಿಲ್ಸಿ, ಒಳಗಿಂದೆಲ್ಲ ಖಾಲಿ ಮಾಡಿ, ಕಟ್ಟಡದಲ್ಲಿರೋ ಎಲ್ಲಾ ಪೆನ್‌ಡ್ರೈವೂ ಸೇರಿಸಿ ತೊಳೀಬೇಕು. ಸಾಹೇಬ್ರು ಹೇಳಿದ್ದು, ಕೆಲಸ ನಿಲ್ಲಿಸೋ ಹಾಗಿಲ್ಲ, ಒಂದೊಂದೇ ಮೇಜು ಮಾಡ್ಕೊಂಡು ಬನ್ನಿ.

ಮಕ್ಕಳಿಗೆ ಹೇನಾದವರಿಗೆ ಇದು ಅರ್ಥ ಆಗತ್ತೆ. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಒಟ್ಟಿಗೆ ಹೇನಾಗಿತ್ತು. ಇವತ್ತು ದೊಡ್ಡವಳ ತಲೆ ಬಾಚಿ ಚಿಕ್ಕವಳ ಪಕ್ಕ ಮಲಗಿಸಿದ್ರೆ, ನಾಳೆ ಚಿಕ್ಕವಳದ್ದು ಬಾಚೋ ಹೊತ್ತಿಗೆ ದೊಡ್ಡವಳ ತಲೇಲಿ ಮತ್ತೆ ಸಂಸಾರ ಶುರುವಾಗಿರತ್ತೆ. ರಾಯರು ಮೂರು ತಿಂಗಳು ಅದನ್ನೇ ಮಾಡಿದ್ರು. ಈ ಮೇಜು ತೊಳೆಯೋರು, ಆ ಮೇಜಿಗೆ ಹೋಗೋರು, ತಿರುಗಿ ನೋಡೋ ಹೊತ್ತಿಗೆ ಇದರಲ್ಲಿ ಮತ್ತೆ. ಭಾನುವಾರವೂ ಹೋಗೋರು. ಮೈ ಇಳಿದು ಸಫಾರಿ ದೊಗಳೆ ಆಯ್ತು. ಬೆಲ್ಟಿಗೆ ಹೊಸ ತೂತು ಹಾಕಿಸ್ಕೊಂಡು ಬಂದ್ರು.

ಅಷ್ಟರಲ್ಲಿ ಮೇಲಿಂದ ತಪಾಸಣೆಗೆ ಬರ್ತಾರೆ ಅಂತ ಸುದ್ದಿ ಬಂತು. ಸಾಹೇಬ್ರು ಕರೆದು ನಯವಾಗೇ ಹೇಳಿದ್ರಂತೆ. ಒಳಗಿನ ಕೋಣೆ ಪೂರ್ತಿ ಶುದ್ಧ ಆಗಿದೆ ಅಂತ ಬರೆದು ಸೈನ್ ಮಾಡಿ. ಮಾಡಿದ್ರೆ ರಿಟೈರ್ ಆಗೋವರೆಗೂ ಈ ಕೋಣೆ ನಿಮ್ಮದೇ. ಇಲ್ಲದಿದ್ರೆ ಈ ಕೋಣೆಗೆ ಬೇರೆಯವರನ್ನ ಹುಡುಕ್ತೀವಿ.

ಸರೋಜ ಓಡಿ ಬಂದ್ಲು. "ಅಕ್ಕ, ನೀವು ಹೇಳಿ. ಆ ಕೋಣೆ ತಪ್ಪಿದ್ರೆ ಇವರು ಉಳಿಯಲ್ಲ. ಬೇಕಾದ್ರೆ ಬಡ್ತಿ ಹಾಳಾಗಿ ಹೋಗ್ಲಿ, ಕೋಣೆ ತಪ್ಪಬಾರದು."

ನಾನು ಹೋದೆ. ಬಾಲ್ಕನೀಲಿ, ಗಾಳಿ ತಂಪಾಗಲಿ ಅಂತ ಕೂಲರಿಗೆ ತುಂಬೋ ಹುಲ್ಲು ಬದಲಾಯಿಸ್ತಿದ್ರು. "ರಾಯರೇ, ನನ್ನ ಮಾತು ಕೇಳಿ. ಒಂದು ಸೈನ್ ಹಾಕಿಬಿಡಿ. ಒಳಗಿದ್ರೆ ತಾನೆ ತೊಳೆಯೋದು? ಸೈನ್ ಹಾಕಿ, ಬಂದವರು ಹೋಗ್ಲಿ, ಆಮೇಲೆ ನಿಧಾನಕ್ಕೆ ತೊಳ್ಕೊಂಡು ಕೂತ್ಕೊಳ್ಳಿ." ಇವತ್ತಿಗೂ ನನಗೆ ಅದರಲ್ಲಿ ತಪ್ಪು ಕಾಣಲ್ಲ.

ಅವರು ಹುಲ್ಲು ಕೆಳಗಿಟ್ಟು ಕೈ ಒರೆಸ್ಕೊಂಡ್ರು. "ಶುದ್ಧ ಇದೆ ಅಂತ ನಾನೇ ಸೈನ್ ಹಾಕಿದ ಮೇಲೆ, ಏನನ್ನ ತೊಳೀತಿದೀರಿ ಅಂತ ಕೇಳಲ್ವಾ ಅಕ್ಕಾವ್ರೇ? ಇಲ್ಲದ ಹುಳಾನ ಹೇಗೆ ಹುಡುಕ್ಲಿ?"

ನಾನು ಕೆಳಗಿದ್ದ ಹುಲ್ಲು ಎತ್ತಿ ಅವರ ಕೈಗೆ ಕೊಟ್ಟು ಬಂದೆ.

ತಾನು ಸೈನ್ ಹಾಕದಿದ್ರೆ ವಿಧಿಯಿಲ್ಲದೆ ಒಂದು ದಿನ ಎಲ್ಲಾ ನಿಲ್ಸಿ ತೊಳೀತಾರೆ ಅಂತ ಅವರು ನಂಬಿದ್ರು. ಪಾಪ. ಸೋಮವಾರ ಹೋದಾಗ ಒಳಕೋಣೆಗೆ ಅವರ ಪಾಸು ನಡೀಲಿಲ್ಲ. ಅರಿಶಿನ ದಾರದ ಡ್ರೈವನ್ನ ಅವರ ಜಾಗಕ್ಕೆ ಬಂದ ಹೊಸಬರ ಕೈಗೆ ಒಪ್ಪಿಸಿ ಅಂದ್ರು, ಒಪ್ಪಿಸಿದ್ರು. ಹೊಸಬರು ಎರಡೇ ದಿನದಲ್ಲಿ ಶುದ್ಧ ಅಂತ ಬರೆದುಕೊಟ್ರು. ತಪಾಸಣೆಯವರು ಬಂದು, ಚಹಾ ಸಮೋಸಾ ತಿಂದು ಹೋದ್ರು. ಬಾಗಿಲ ಬುಟ್ಟೀಲಿ ಹಳೇ ನ್ಯೂಸ್‌ಪೇಪರ್ ಹಾಕಿಟ್ಟಿದಾರೆ ಅಂತ ಆಮೇಲೆ ಯಾರೋ ಬಸ್ಸಲ್ಲಿ ಹೇಳಿದ್ರಂತೆ.

ರಾಯರನ್ನ ಇನ್ನೊಂದು ಕಟ್ಟಡಕ್ಕೆ, ಮೇಜು ಕುರ್ಚಿ ಸೆಕ್ಷನ್ನಿಗೆ ಹಾಕಿದ್ರು. ಕುರ್ಚಿ ಕೆಳಗೆ ಬಿಳಿ ಪೇಂಟಲ್ಲಿ ನಂಬರ್ ಬರೆಸೋದು ಕೆಲಸ. ನಾನು ಏನಾದ್ರೂ ನಗಿಸೋಣ ಅಂತ, "ಹೊಸ ಕೆಲಸ ಹೇಗಿದೆ?" ಅಂದೆ.

"ಚೆನ್ನಾಗಿದೆ. ಕುರ್ಚಿಗೆ ಪೆನ್‌ಡ್ರೈವ್ ಚುಚ್ಚೋ ಜಾಗ ಇಲ್ಲ" ಅಂದ್ರು. ಆದ್ರೆ ಆ ಮಾತಾಡ್ತಾ ಅವರ ಕಣ್ಣು ಎಲ್ಲೋ ಇತ್ತು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಕೇಳದಿದ್ರೂ, "ಒಳಗೆ ಇನ್ನೂ ಇದೆ" ಅಂದ್ರು. ಆಮೇಲೆ ವರ್ಷಗಟ್ಟಲೆ ಆ ಮಾತು ಕೇಳಿದೀವಿ. ಊಟದ ಮಧ್ಯೆ, ಟೀವಿ ನೋಡ್ತಾ, ಹೋಳಿ ಬಣ್ಣ ತೊಳ್ಕೊಳ್ತಾ. ಒಳಗೆ ಇನ್ನೂ ಇದೆ. ಸರೋಜ ಮೊದಮೊದಲು ಅಳೋಳು. ಆಮೇಲೆ "ಇರ್ಲಿ ಬಿಡಿ, ಸಾರಿಗೆ ಉಪ್ಪು ಸಾಕಾ?" ಅನ್ನೋಳು.

ರಿಟೈರ್ ಆದ ದಿನ ಶಾಲು ಹೊದಿಸಿ, ಹಾರ ಹಾಕಿ, ಬಣ್ಣದ ಕಾಗದ ಸುತ್ತಿದ ಪುಟ್ಟ ಡಬ್ಬಿ ಕೊಟ್ಟು ಕಳಿಸಿದ್ರು. ಸರೋಜ ನಮ್ಮ ಮುಂದೆನೇ ಬಿಚ್ಚಿದ್ಲು. ಒಳಗೆ ಹೊಸಾ ಪೆನ್‌ಡ್ರೈವು. ಕೆಂಪು ರಿಬ್ಬನ್ನು ಬೇರೆ. ಆಗ ಎಲ್ಲರಿಗೂ ಅದನ್ನೇ ಕೊಡ್ತಿದ್ರು, ಬೇಕಂತ ಮಾಡಿದ್ದಲ್ಲ ಅಂತ ನಮ್ಮವರು ಸಮಾಧಾನ ಹೇಳಿದ್ರು. ಬೇಕಂತ ಮಾಡಿದ್ರೆ ಎಷ್ಟೋ ವಾಸಿ ಇತ್ತು. ಮಾಡಿದವರಿಗೆ ಇವರ ನೆನಪಾದ್ರೂ ಇತ್ತು ಅಂತ ಆಗ್ತಿತ್ತು. ರಾಯರು ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ತಗೊಳ್ಳಿ ಅಕ್ಕಾವ್ರೇ, ಫೋಟೋ ಹಾಕ್ಕೊಳ್ಳಿ" ಅಂತ ನನಗೆ ಕೊಟ್ರು. ನನ್ನ ಹೊಲಿಗೆ ಡಬ್ಬೀಲಿದೆ. ಒಂದು ಫೋಟೋನೂ ಹಾಕಿಲ್ಲ.

ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಕಾಲು ಮುರಿದು ಆಸ್ಪತ್ರೆಗೆ ಸೇರಿದ್ರು. ಕಾಲು ಕೂಡ್ತಾ ಬಂತು. ಅಲ್ಲಿ ಹತ್ತಿದ ಸೋಂಕಲ್ಲಿ ಹೋದ್ರು. ಇದರ ಬಗ್ಗೆ ನಾನು ತಮಾಷೆ ಮಾಡಲ್ಲ. ಮಾಡಬಹುದಿತ್ತು, ಅವರೇ ಇದ್ದಿದ್ರೆ ಮಾಡ್ತಿದ್ರು. ಆಫೀಸಿಂದ ಯಾರೂ ಬರಲಿಲ್ಲ. ಸರೋಜ ಆ ಸ್ಟೀಲ್ ಚಮಚ ತಂದು, "ಅಕ್ಕ, ಇದನ್ನ ನಿಮ್ಮ ಜಾಡೀಲಿ ಹಾಕ್ಕೊಳ್ಳಿ" ಅಂದ್ಲು. ಹಾಕ್ಕೊಂಡಿದೀನಿ. ಒರೆಸ್ತೀನಿ.

ನಾನು ಇದೆಲ್ಲ ಬರೀತಿರೋದು ಬೇರೆ ಒಂದು ಬೆಳಿಗ್ಗೆಗೋಸ್ಕರ. ಅದನ್ನ ಹೇಳ್ಬಿಡ್ತೀನಿ.

ಅವರು ರಿಟೈರ್ ಆಗಿ ಒಂದು ಚಳಿಗಾಲ ಕಳೆದಿರಲಿಲ್ಲ. ಮಾರ್ಕೆಟ್ಟಲ್ಲಿ ಒಂದು ಫೋಟೋಸ್ಟಾಟ್ ಅಂಗಡಿ. ಪಕ್ಕದ ಮುನಿರ್ಕಾದ ಸ್ಟೂಡೆಂಟುಗಳಿಂದ ಹಿಡಿದು ಮದುವೆ ಕಾರ್ಡಿನವರವರೆಗೆ ಎಲ್ಲರೂ ಬಂದು ಅಲ್ಲಿನ ಒಂದೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಪ್ರಿಂಟ್ ತಗೊಳ್ಳೋರು. ಊರಿನ ಹುಳವೆಲ್ಲ ಅಲ್ಲಿತ್ತು. ರಾಯರು ದಿನಾ ಬೆಳಿಗ್ಗೆ ಹಾಲು ತರೋಕೆ ಹೋದವರು ಅಲ್ಲಿ ಕೂತು ಆ ಕಂಪ್ಯೂಟರ್ ತೊಳೆದು ಬರೋರು. ಬಿಟ್ಟಿ. ಮಾರನೇ ಬೆಳಿಗ್ಗೆ ಮತ್ತೆ ತುಂಬಿರೋದು, ಮತ್ತೆ ತೊಳೆಯೋರು. ಅಂಗಡಿ ಭಯ್ಯಾ ಒಳ್ಳೆಯವನು, ಸ್ಟೂಲ್ ಹಾಕಿಕೊಡೋನು. "ಅಂಕಲ್‌ಜೀ, ಆಪ್ ಭೀ ರೋಜ್ ಆತೇ ಹೋ, ವೋ ಭೀ ರೋಜ್ ಆತಾ ಹೈ" ಅನ್ನೋನು. ನೀವೂ ದಿನಾ ಬರ್ತೀರಿ, ಅದೂ ದಿನಾ ಬರತ್ತೆ.

ಅವತ್ತು ನಾನು ರೇಷನ್ ಕಾರ್ಡ್ ಕಾಪಿ ಮಾಡಿಸೋಕೆ ಹೋಗಿದ್ದೆ. ರಾಯರು ಸ್ಟೂಲ್ ಮೇಲೆ ಕೂತಿದ್ರು. ಕೋಟು ಹಾಕಿದ ಒಬ್ಬರು ಬಂದು, "ಅರೆ ಸಾಬ್, ನಮಸ್ತೆ, ಹೇಗಿದ್ದೀರಿ?" ಅಂತ ಹಿಂದಿಯಲ್ಲಿ ಕೈ ಕುಲುಕಿದ್ರು. ರಾಯರ ಹಳೇ ಆಫೀಸಿನವರು, ಅವರ ಜಾಗಕ್ಕೆ ಬಂದವರು. ಮಗನ ಮುಂಡನಕ್ಕೆ, ಅಂದ್ರೆ ಚೌಲಕ್ಕೆ, ಕಾರ್ಡ್ ಪ್ರಿಂಟ್ ಮಾಡಿಸ್ಬೇಕು ಅಂತ ಕೋಟಿನ ಜೇಬಿಂದ ಪೆನ್‌ಡ್ರೈವ್ ತೆಗೆದು ಭಯ್ಯಾನ ಕೈಗೆ ಕೊಟ್ರು.

ಅದರ ತುದೀಲಿ ದಾರ ಇತ್ತು. ಕೊಳೆಯಾಗಿ ಕಪ್ಪಾಗಿತ್ತು, ಆದ್ರೆ ಗಂಟಿನ ಹತ್ತಿರ ಇನ್ನೂ ಅರಿಶಿನ ಕಾಣ್ತಿತ್ತು. ಸರೋಜನ ಸವತಿನ ನಾನು ನೋಡಿದ್ದು ಅವತ್ತೇ. ಬಜಾರಲ್ಲಿ.

ರಾಯರು ಅದನ್ನೇ ನೋಡ್ತಿದ್ರು. "ಇದು ಒಳಗೆ ಹೋಗತ್ತಾ?" ಅಂತ ಮೆಲ್ಲಗೆ ಕೇಳಿದ್ರು.

"ಯಹೀ ತೋ ಜಾತಾ ಹೈ ಸಾಬ್, ಇದೇ ತಾನೆ ಹೋಗೋದು" ಅಂದ್ರು ಆ ಮನುಷ್ಯ ಖುಷಿಯಾಗಿ. "ನಿಮ್ಮದೇ ಅಲ್ವಾ. ದಾರ ಕೂಡ ಬಿಚ್ಚಿಲ್ಲ ನಾನು. ಶುಭ ಅಂತ."

ಭಯ್ಯಾ ಚುಚ್ಚೇಬಿಟ್ಟಿದ್ದ. ಕಾರ್ಡ್ ಪ್ರಿಂಟಾಗಿ ಬರೋವರೆಗೆ ರಾಯರು ಕಾದ್ರು. ಆಮೇಲೆ ಭಯ್ಯಾನ ಹತ್ತಿರ ಡ್ರೈವ್ ಕೇಳಿ ಇಸ್ಕೊಂಡು, ಅದೇ ಕಂಪ್ಯೂಟರಲ್ಲಿ ತೊಳೆಯೋಕೆ ಕೂತ್ರು. ತುಂಬಾ ಹೊತ್ತು ಹಿಡೀತು. ಆ ಮನುಷ್ಯ ಗಡಿಯಾರ ನೋಡ್ಕೊಂಡು, "ಚಲೋ ಸಾಬ್, ಬಿಡಿ, ಬಸ್ಸು ಹೋಗತ್ತೆ" ಅಂದ್ರು. ರಾಯರು ಡ್ರೈವ್ ತೆಗೆದು ಎರಡೂ ಕೈಯಲ್ಲಿ ಅವರಿಗೆ ಕೊಟ್ರು. ಅವರು ಜೇಬಿಗೆ ಹಾಕ್ಕೊಂಡು ನೇರ ಆಫೀಸಿನ ಬಸ್ ಹತ್ತಿದ್ರು.

ನಾವಿಬ್ಬರೂ ವಾಪಸ್ ಬಂದು ಪಾರ್ಕಿನ ಬೆಂಚಲ್ಲಿ ಕೂತ್ವಿ. ಹಾಲಿನ ಪ್ಯಾಕೆಟ್ಟು ಅವರ ತೊಡೆ ಮೇಲೆ ಬೆಚ್ಚಗಾಗ್ತಿತ್ತು. ನಿಜವಾಗಲೂ ಬಿಸಿಲು ಚೆನ್ನಾಗಿತ್ತು ಅವತ್ತು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗದೆ ಅವರ ಮೇಲೇ ತೀರಿಸಿಕೊಂಡೆ.

"ಒಪ್ಕೊಂಡ್ರಿ, ಸೈನ್ ಹಾಕಲ್ಲ ಅಂದ್ರಿ, ಕುರ್ಚಿ ಎಣಿಸಿದ್ರಿ. ಏನ್ ಬಂತು ರಾಯರೇ? ನಿಮ್ಮನ್ನ ಹೊರಗೆ ಹಾಕಿದ್ರು, ಹುಳ ಒಳಗೇ ಇದೆ. ಆ ಇಡೀ ಆಫೀಸಲ್ಲಿ ನಿಮ್ಮಿಂದ ಏನಾದ್ರೂ ಒಂದು ಉಳೀತಾ, ಹೇಳಿ."

ಅವರು "ಉಳೀ" ಅಂದ್ರು. ಅಷ್ಟರಲ್ಲಿ ಮೇಲೆ ವಿಮಾನ ಬಂತು. ಸುಮ್ಮನೆ ಕೂತ್ರು. ಅದು ಪೂರ್ತಿ ಇಳಿದು, ಸದ್ದು ಪೂರ್ತಿ ನಿಂತು, ಪಾರ್ಕಲ್ಲಿ ಗುಬ್ಬಿ ಸದ್ದು ಕೇಳೋವರೆಗೆ ಕಾದ್ರು.

"ತಲ್ಲ ಅಕ್ಕಾವ್ರೇ" ಅಂದ್ರು. "ಸಾಹೇಬ್ರು ಹೋಗ್ತಾರೆ, ನಾನು ಹೊರಗೆ ಬಂದೆ, ಇವತ್ತು ಬಂದಿದ್ನಲ್ಲ ಅವನೂ ನಾಳೆ ಹೋಗ್ತಾನೆ. ಟ್ರಾನ್ಸ್‌ಫರ್ ಇಲ್ಲ, ರಿಟೈರ್‌ಮೆಂಟ್ ಇಲ್ಲ, ಆ ಆಫೀಸಲ್ಲಿ ಪರ್ಮನೆಂಟ್ ಆಗಿರೋದು ನಾನು ಸೇರಿಸಿ ಬಂದ ಹುಳ ಒಂದೇ."